ಟ್ರಂಕಿನ ಹೊದಿಕೆ

ಬಾಟ್ಲಮ್ಮ ಹಳದಿ ಗೆರೆ ದಾಟಬಾರದು ಎಂದು ಸೋಮವಾರ ಬೆಳಿಗ್ಗೆ ತೀರ್ಮಾನವಾಯಿತು. ತೀರ್ಮಾನ ಪ್ರಯೋಗಾಲಯದ ದೊಡ್ಡ ಸಾಹೇಬರದು. ಗೆರೆ ಎಳೆದವನು ಮೇಸ್ತ್ರಿ. ರಸ್ತೆಗೆ ಬಳಿಯುವ ಬಣ್ಣ ತಂದು, ಗಾಜು ತೊಳೆಯುವ ಕೋಣೆಗೂ ಒಳಗಿನ ಶುದ್ಧ ಕೋಣೆಗೂ ನಡುವೆ ಗೇಣಗಲದ ಪಟ್ಟಿ ಹೊಡೆದ. ಮುಗಿದ ಮೇಲೆ ಬ್ರಷ್ಷನ್ನು ಅವಳ ಕೈಗೇ ಕೊಟ್ಟ. ತೊಳೆದಿಡು ಎಂದ.

ಅವಳು ತೊಳೆದಿಟ್ಟಳು. ತೊಳೆಯುವುದೇ ಅವಳ ಕೆಲಸ. ಆ ಕಟ್ಟಡಕ್ಕೆ ಬಂದು ಆರು ವರ್ಷವಾಗಿತ್ತು. ಹೆತ್ತವರು ಇಟ್ಟ ಹೆಸರನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಬಾಟಲಿ ತೊಳೆಯುವವಳು ಬಾಟ್ಲಮ್ಮ, ಅಷ್ಟೆ. ಬೆಳಿಗ್ಗೆ ಬಂದ ತಕ್ಷಣ ಹಿಂದಿನ ದಿನದ ಬಾಟಲಿ, ತಟ್ಟೆ, ಕೊಳವೆಗಳ ರಾಶಿ ಅವಳಿಗಾಗಿ ಕಾದಿರುತ್ತಿತ್ತು. ಮೊದಲು ಸೋಪಿನ ನೀರು. ಆಮೇಲೆ ಆಸಿಡ್ಡಿನ ತೊಟ್ಟಿ. ಆಮೇಲೆ ನಲ್ಲಿ ನೀರು, ಕೊನೆಗೆ ಭಟ್ಟಿ ಇಳಿಸಿದ ನೀರು. ಆಸಿಡ್ಡಿನ ಹಬೆಗೆ ಕಣ್ಣು ಸದಾ ಕೆಂಪಗಿರುತ್ತಿತ್ತು. ರಬ್ಬರ್ ಕೈಗವಸಿನ ಬೆರಳ ತುದಿ ಹರಿದು, ಉಗುರು ಹಳದಿಗಟ್ಟಿ, ಉಗುರಿನ ಬುಡದ ಚರ್ಮ ಸುಲಿದಿತ್ತು. ಹೊಸ ಕೈಗವಸು ಕೇಳಿದರೆ ಮೇಸ್ತ್ರಿ ಮೂಗು ಮುರಿಯುತ್ತಿದ್ದ. ಒಳಗಿನವರಿಗೆ ಮಾತ್ರ ದಿನಕ್ಕೆ ಎರಡೆರಡು ಜೊತೆ. ಅವರು ಕಳಚಿ ಬಿಸಾಡಿದ್ದನ್ನು ಕಸದ ಬುಟ್ಟಿಯಿಂದ ಎತ್ತಿಕೊಂಡು ಹಾಕಿಕೊಳ್ಳುತ್ತಿದ್ದ ದಿನಗಳೂ ಉಂಟು.

ಒಳಗೆ ಬೆಳೆಯುತ್ತಿದ್ದದ್ದು ಮನುಷ್ಯರ ಜೀವಕೋಶ. ಎಂದೋ ಎಲ್ಲೋ ಎದೆಯ ಕ್ಯಾನ್ಸರಿನಿಂದ ಸತ್ತ ಹೆಂಗಸೊಬ್ಬಳ ಗಡ್ಡೆಯಿಂದ ತೆಗೆದದ್ದಂತೆ. ಆಕೆ ಮಣ್ಣಾಗಿ ಅದೆಷ್ಟು ಕಾಲವಾಯಿತೋ. ಅವಳ ಜೀವಕೋಶಗಳು ಮಾತ್ರ ಇಲ್ಲಿ ಮೈಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿ ದಿನ ಬಿಟ್ಟು ದಿನ ಹೊಟ್ಟೆ ತುಂಬ ಉಂಡುಕೊಂಡು ಸುಖವಾಗಿದ್ದವು. ಇದನ್ನು ಬಾಟ್ಲಮ್ಮನಿಗೆ ಹೇಳಿದವಳು ಒಳಗೆ ಸಂಶೋಧನೆ ಮಾಡುತ್ತಿದ್ದ ಕನ್ನಡಕದ ಹುಡುಗಿ. ಅಂದಿನಿಂದ ಬಾಟ್ಲಮ್ಮ ಆ ತಟ್ಟೆಗಳಿಗೆ ದೊಡ್ಡಕ್ಕ ಎನ್ನುತ್ತಿದ್ದಳು. ದೊಡ್ಡಕ್ಕನ ತಟ್ಟೆ ಒಡೆಯಬೇಡ, ದೊಡ್ಡಕ್ಕನಿಗೆ ಸೋಪು ಆಗಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಇನ್ನೊಮ್ಮೆ ಜಾಲಾಡಿಸುತ್ತಿದ್ದಳು.

ಪ್ರಯೋಗಾಲಯದ ಕೆಲಸ ಇಷ್ಟು. ನೆಲದಲ್ಲೂ ಮೈಕೊಬ್ಬಿನಲ್ಲೂ ದಶಕಗಟ್ಟಲೆ ಸಾಯದೆ ಉಳಿಯುವ ಹಳೆಯ ಕೀಟನಾಶಕಗಳು ಮನುಷ್ಯರ ಜೀವಕೋಶಕ್ಕೆ ಏನು ಮಾಡುತ್ತವೆ ಎಂದು ನೋಡುವುದು. ದೊಡ್ಡಕ್ಕನನ್ನು ಹೇಗೋ ತಿದ್ದಿದ್ದರು. ಹೆಣ್ಣಿನ ಹಾರ್ಮೋನು ಬಂದು ಮುಟ್ಟಿದರೆ ಹಸಿರಾಗಿ ಹೊಳೆಯುತ್ತಿದ್ದಳು, ಇಲ್ಲದಿದ್ದರೆ ಕಪ್ಪಗೆ ಸುಮ್ಮನಿರುತ್ತಿದ್ದಳು. ಒಂದೊಂದು ತಟ್ಟೆಗೆ ಒಂದೊಂದು ಕೀಟನಾಶಕ ಹನಿಸಿ, ಕತ್ತಲ ಕೋಣೆಯಲ್ಲಿ ಮೈಕ್ರೋಸ್ಕೋಪಿನಡಿ ಇಟ್ಟು ನೋಡುತ್ತಿದ್ದರು. ಹೋಲಿಸಿ ನೋಡಲು ಏನೂ ಹನಿಸದ ಒಂದು ತಟ್ಟೆಯೂ ಇರುತ್ತಿತ್ತು. ಅದು ಕಪ್ಪಗಿರಲೇಬೇಕು. ಈಗ ಕೆಲವು ವಾರಗಳಿಂದ ಆ ಬರಿ ತಟ್ಟೆಯೂ ಹೊಳೆಯತೊಡಗಿತ್ತು. ಬರಿ ತಟ್ಟೆ ಹೊಳೆದರೆ ಮಿಕ್ಕ ತಟ್ಟೆಗಳ ಲೆಕ್ಕವೆಲ್ಲ ನೀರಿನಲ್ಲಿ ಹೋಮ.

ಸಾಹೇಬರ ತಲೆ ಕೆಟ್ಟಿತು. ಎಲ್ಲಿಂದಲೋ ಕೊಳೆ ಬರುತ್ತಿದೆ ಎಂದರು. ಕೊಳೆ ಎಂದ ಕೂಡಲೇ ಎಲ್ಲರ ಕಣ್ಣೂ ಬಾಟ್ಲಮ್ಮನ ಕಡೆ ಹೊರಳಿತು. ಅದಕ್ಕೆ ಯಾವ ಮೈಕ್ರೋಸ್ಕೋಪೂ ಬೇಕಾಗಲಿಲ್ಲ.

ಅವಳನ್ನು ಎಲ್ಲರೆದುರು ನಿಲ್ಲಿಸಿ ಕೇಳಿದರು. ತಲೆಗೆ ಯಾವ ಎಣ್ಣೆ ಹಾಕುತ್ತಾಳೆ, ಬಟ್ಟೆಯನ್ನು ಎಷ್ಟು ದಿನಕ್ಕೊಮ್ಮೆ ಒಗೆಯುತ್ತಾಳೆ, ದಿನಾ ಸ್ನಾನ ಮಾಡುತ್ತಾಳೋ ಇಲ್ಲವೋ. ಮೇಸ್ತ್ರಿ ಅವಳ ಚೀಲ ಸುರಿದು ನೋಡಿದ. ಊಟದ ಡಬ್ಬಿ ಮೂಸಿದ. ಸ್ಪಿರಿಟ್ಟಿನಲ್ಲಿ ಕೈ ತೊಳೆಸಿದರು, ಆಮೇಲೆ ಇನ್ನೊಂದು ದ್ರವದಲ್ಲಿ, ಆಮೇಲೆ ಮತ್ತೆ ಸ್ಪಿರಿಟ್ಟಿನಲ್ಲಿ. ಸುಲಿದ ಚರ್ಮಕ್ಕೆ ಸ್ಪಿರಿಟ್ಟು ತಾಗಿದರೆ ಏನಾಗುತ್ತದೆಂದು ಕೇಳಿದವರಿಲ್ಲ. ಅವಳು ಹಲ್ಲು ಕಚ್ಚಿ ನಿಂತಿದ್ದಳು. ಬರಿ ತಟ್ಟೆ ಮರುದಿನವೂ ಹೊಳೆಯಿತು. ಆಗ ಬಂತು ಹಳದಿ ಗೆರೆ. ಅವಳು ತೊಳೆದದ್ದನ್ನು ಗೆರೆಯ ಈಚೆ ಇಡಬೇಕು, ಒಳಗಿನವರು ಆಚೆಯಿಂದ ಎತ್ತಿಕೊಳ್ಳುತ್ತಾರೆ. ನೀರು ಕುಡಿಯುವ ಲೋಟ ಬೇರೆಯಾಯಿತು. ಎದುರಿಗೆ ಸಿಕ್ಕವರು ಗೋಡೆಗೆ ಒತ್ತಿಕೊಂಡು ಹೋಗತೊಡಗಿದರು.

ಅವಳ ಅಜ್ಜಿಗೂ ಯಾರೋ ಹೀಗೇ ಗೆರೆ ಎಳೆದಿದ್ದರು. ಆಗ ಬಣ್ಣದ ಖರ್ಚು ಇರಲಿಲ್ಲ.

ಮನೆಯಲ್ಲಿ ಬೇರೆಯೇ ಗೆರೆ. ಊರಾಚೆ ಕೀಟನಾಶಕ ಕಂಪನಿಯ ಹಳೆಯ ಗೋಡೌನು, ಅದರ ಬೆನ್ನಿಗೆ ಅಂಟಿಕೊಂಡು ಒಂದೇ ಗೋಡೆಯ ಸಾಲುಮನೆಗಳು. ಒಂದು ಕಾಲಕ್ಕೆ ಗೋಡೌನಿನಲ್ಲಿ ಮೂಟೆ ಹೊರುತ್ತಿದ್ದವರಿಗೆಂದು ಕಟ್ಟಿಸಿದ್ದು. ಅವಳ ಮಾವ ಅಲ್ಲೇ ಮೂಟೆ ಹೊತ್ತು, ಕೆಮ್ಮಿ ಕೆಮ್ಮಿ ಸತ್ತ. ಗಂಡ ಲಾರಿ ಓಡಿಸುತ್ತ ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಮನೆಯಲ್ಲಿ ಇದ್ದವರು ಅವಳು, ಅತ್ತೆ, ಮಗಳು ಗುಬ್ಬಿ. ಸದಾ ಕಿಚಕಿಚ ಎನ್ನುತ್ತಿದ್ದಳೆಂದು ಗುಬ್ಬಿ ಎಂದು ಕರೆದದ್ದು. ಈಗ ನಾಲ್ಕು ತಿಂಗಳಿಂದ ಆ ಕಿಚಕಿಚ ನಿಂತಿತ್ತು.

ಗುಬ್ಬಿಗೆ ಎಂಟು ವರ್ಷ. ನಾಲ್ಕು ತಿಂಗಳ ಹಿಂದೆ ಶಾಲೆಯಲ್ಲಿ ಬೆಂಚಿನ ಮೇಲೆ ರಕ್ತ ಕಂಡಿತು. ಮಗು ಬಿದ್ದು ಗಾಯ ಮಾಡಿಕೊಂಡಿದೆ ಎಂದು ಟೀಚರು ಹತ್ತಿ ತಂದರು. ಗಾಯ ಎಲ್ಲೂ ಇರಲಿಲ್ಲ. ಎಂಟು ವರ್ಷದ ಮಗು ಮುಟ್ಟಾಗಿತ್ತು. ಮೊದಲು ರಜೆ ಹಾಕಿಸಿ ಎಂದರು, ಆಮೇಲೆ ಇನ್ನು ಸ್ವಲ್ಪ ದಿನ ಮನೆಯಲ್ಲೇ ಇರಲಿ, ಬೇರೆ ಮಕ್ಕಳು ಏನೇನೋ ಕೇಳುತ್ತಾರೆ ಎಂದರು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಮಗುವನ್ನು ಬಿಟ್ಟು ತಾಯಿಯನ್ನು ಮೇಲಿಂದ ಕೆಳಗೆ ನೋಡಿದಳು. ಏನು ತಿನ್ನಿಸುತ್ತೀರಿ ನೀವು, ಮಗುವಿನ ಎದುರಿಗೆ ಹೇಗೆಲ್ಲ ಇರುತ್ತೀರಿ ಎಂದು ಕೇಳಿದಳು. ಮೂಳೆ ಬೇಗ ಬಲಿತುಬಿಡುತ್ತದೆ, ಹುಡುಗಿ ಕುಳ್ಳಗೇ ಉಳಿಯುತ್ತಾಳೆ, ಇದನ್ನು ತಡೆಹಿಡಿಯುವ ಇಂಜೆಕ್ಷನ್ನು ದೊಡ್ಡಾಸ್ಪತ್ರೆಯಲ್ಲಿದೆ ಎಂದಳು. ದೊಡ್ಡಾಸ್ಪತ್ರೆಯವರು ಇದು ವಂಶದಲ್ಲೇ ಬಂದಿರಬೇಕು, ಆರು ತಿಂಗಳು ಬಿಟ್ಟು ಬನ್ನಿ ಎಂದು ಸಾಗಹಾಕಿದರು.

ಅತ್ತೆಯೂ ಅದನ್ನೇ ಹಿಡಿದುಕೊಂಡಳು. ನಮ್ಮ ಕಡೆ ಯಾರಿಗೂ ಹೀಗಾಗಿಲ್ಲ, ನಿನ್ನ ತವರಿನ ಕಡೆಯದೇ ಇರಬೇಕು ಎಂದಳು. ಗುಬ್ಬಿ ಹಗ್ಗದಾಟ ಬಿಟ್ಟಳು. ಬಾಗಿಲ ಹಿಂದೆ ಮಂಡಿಗೆ ಗಲ್ಲ ಆನಿಸಿ ಕೂರುವುದೇ ಆಟವಾಯಿತು. ನಾನೇನು ತಪ್ಪು ಮಾಡಿದೆ ಅಮ್ಮ ಎಂದು ಒಂದೇ ಸಲ ಕೇಳಿದಳು. ಬಾಟ್ಲಮ್ಮನಿಗೆ ಸಿಟ್ಟು ಉಕ್ಕಿತು. ಅದನ್ನು ಯಾರ ಮೇಲೆ ಕಾರಬೇಕು ಎಂಬುದು ಗೊತ್ತಿರಲಿಲ್ಲ.

ಬರಿ ತಟ್ಟೆಯ ಕೊಳೆ ಹುಡುಕುವ ಕೆಲಸ ಕನ್ನಡಕದ ಹುಡುಗಿಯ ತಲೆಗೆ ಬಿತ್ತು. ಅವಳು ಒಂದೊಂದನ್ನೇ ಪರೀಕ್ಷೆ ಮಾಡಿದಳು. ನೀರು, ಸೋಪು, ಆಸಿಡ್ಡು, ಬಾಟ್ಲಮ್ಮನ ಕೈ ತೊಳೆದ ನೀರು. ಯಾವುದೂ ಅಷ್ಟಾಗಿ ಹೊಳೆಯಲಿಲ್ಲ. ಕೊನೆಗೆ ಒರೆಸುವ ಬಟ್ಟೆ ಕೇಳಿದಳು, ಅದು ಎಲ್ಲಿಂದ ಬಂತೆಂದೂ ಕೇಳಿ ತಿಳಿದುಕೊಂಡಳು.

ಈ ಬಟ್ಟೆಯ ಕಥೆ ಹೇಳಲೇಬೇಕು. ತೊಳೆದ ಗಾಜನ್ನು ಒಣಗಿಸಲು ಅಲ್ಲೊಂದು ಬಿಸಿ ಪೆಟ್ಟಿಗೆ ಇತ್ತು. ಅದು ಕೆಟ್ಟು ಎರಡು ತಿಂಗಳಾಗುತ್ತ ಬಂದಿತ್ತು. ರಿಪೇರಿ ಮಾಡಿಸಿ ಎಂದು ಅವಳು ಮೇಸ್ತ್ರಿಗೆ ಹೇಳಿದ್ದಳು, ಮೇಸ್ತ್ರಿ ಯಾರಿಗೂ ಹೇಳಿರಲಿಲ್ಲ. ಹಾಗಾದರೆ ಒರೆಸಲು ಬಟ್ಟೆಯಾದರೂ ಕೊಡಿ ಎಂದಾಗ ಮನೆಯಿಂದ ತಂದುಕೊಳ್ಳೋಕೆ ಏನು ರೋಗ ಎಂದಿದ್ದ. ಅವಳು ತಂದಳು. ಹೊಸ ಬಟ್ಟೆ ಗಾಜಿನ ಮೇಲೆ ಎಳೆ ಬಿಡುತ್ತದೆ, ಹಳೆಯ ಹತ್ತಿ ಬಿಡುವುದಿಲ್ಲ. ಮನೆಯ ಟ್ರಂಕಿನಲ್ಲಿ ಅತ್ತೆಯ ಕಾಲದ ದೊಡ್ಡ ಹತ್ತಿ ಹೊದಿಕೆ ಇತ್ತು. ಗುಬ್ಬಿ ಹುಟ್ಟಿದಾಗ ಸುತ್ತಿ ಮಲಗಿಸಿದ್ದು ಅದರಲ್ಲೇ. ಅದರ ಒಂದು ಅಂಚನ್ನು ಹರಿದು ಚೌಕ ಚೌಕ ಮಾಡಿಕೊಂಡು ಬಂದಿದ್ದಳು. ಹುಳ ಹತ್ತದಿರಲಿ ಎಂದು ಸಾಲುಮನೆಯ ಎಲ್ಲರೂ ಟ್ರಂಕಿನಲ್ಲಿ ಬಟ್ಟೆಯ ಮಡಿಕೆಗಳ ನಡುವೆ ಬಿಳಿ ಪುಡಿ ಉದುರಿಸುತ್ತಿದ್ದರು. ಗೋಡೌನಿನ ಪುಡಿ. ಆ ಹೊದಿಕೆ ಅಷ್ಟು ವರ್ಷವೂ ಪುಡಿಯಲ್ಲೇ ಮಲಗಿತ್ತು.

ಬಟ್ಟೆ ತೊಳೆದ ನೀರನ್ನು ಹನಿಸಿದ ತಟ್ಟೆ ಧಗಧಗ ಹೊಳೆಯಿತಂತೆ. ಕನ್ನಡಕದ ಹುಡುಗಿ ಕುಣಿಯುತ್ತ ಬಂದಳು. ಹಳದಿ ಗೆರೆಯನ್ನು ತಾನೇ ದಾಟಿ, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಳು. ಆ ಪುಡಿ ಎಂದೋ ನಿಷೇಧವಾದದ್ದು, ಇಷ್ಟು ಜೋರಾಗಿ ಕೆಲಸ ಮಾಡುತ್ತದೆಂದು ನಾನೂ ಅಂದುಕೊಂಡಿರಲಿಲ್ಲ ಎಂದಳು. ಜೋರಾಗಿ ಅಂದರೆ ಏನು ಕೆಲಸ ಎಂದು ಬಾಟ್ಲಮ್ಮ ಕೇಳಿದಳು.

ಹುಡುಗಿ ಗಾಜಿನ ಗೋಡೆಯಾಚೆ ತೋರಿಸಿದಳು. ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಮೇಸ್ತ್ರಿ ಅವರ ಕುರ್ಚಿಯಲ್ಲಿ ಕೂತು ಮೆಲ್ಲಗೆ ತಿರುಗುತ್ತಿದ್ದ.

"ಈಗ ಮೇಸ್ತ್ರಿ ಅಲ್ಲಿಂದ ಬೆಲ್ ಒತ್ತಿದ್ರೆ ಜವಾನ ಓಡಿ ಬರ್ತಾನೋ ಇಲ್ವೋ?"

"ಬರ್ತಾನೆ."

"ಯಾರು ಒತ್ತಿದ್ದು ಅಂತ ನೋಡಿ ಬರ್ತಾನಾ?"

"ಬಂದಮೇಲೆ ನೋಡ್ತಾನೆ. ನೋಡಿ ಬೈಕೊಂಡು ಹೋಗ್ತಾನೆ."

"ಜೀವಕೋಶಕ್ಕೆ ಬಂದಮೇಲೂ ಗೊತ್ತಾಗಲ್ಲ ಬಾಟ್ಲಮ್ಮ. ಅದರೊಳಗೂ ಇಂಥ ಕುರ್ಚಿಗಳಿವೆ. ಹಾರ್ಮೋನು ಬಂದು ಕೂತು ಬೆಲ್ ಒತ್ಬೇಕು, ಆಗ ಮೈ ಬೆಳೆಯತ್ತೆ. ಈ ಪುಡಿ ಹೋಗಿ ಅದೇ ಕುರ್ಚೀಲಿ ಕೂತ್ಬಿಡತ್ತೆ, ಬೆಲ್ ಒತ್ತುತ್ತೆ. ಒಳಗಿನವು ಪಾಪ, ಹಾರ್ಮೋನೇ ಹೇಳ್ತಿದೆ ಅಂದ್ಕೊಂಡು ಕೆಲಸ ಶುರು ಮಾಡ್ತವೆ. ಇನ್ನು ಗಂಡಿನ ಹಾರ್ಮೋನಿನ ಕುರ್ಚೀಲಿ ಇದೇ ಪುಡಿ ಬೇರೆ ಥರ. ಬೆಲ್ಲೂ ಒತ್ತಲ್ಲ, ಏಳೋದೂ ಇಲ್ಲ. ನಿಜವಾದವರು ಬಂದ್ರೆ ಕೂರೋಕೆ ಜಾಗ ಇಲ್ಲ."

ಅದು ಕೊಬ್ಬಿನಲ್ಲಿ ಸೇರಿಕೊಂಡರೆ ವರ್ಷಗಟ್ಟಲೆ ಹೋಗುವುದಿಲ್ಲ, ತಾಯಿಯ ಹಾಲಿನಲ್ಲಿ ಮಗುವಿಗೂ ಇಳಿಯುತ್ತದೆ ಎಂದೂ ಹೇಳಿದಳು. ಪಾಠ ಒಪ್ಪಿಸುವ ಉತ್ಸಾಹದಲ್ಲಿ ಅವಳಿಗೆ ಎದುರಿಗಿದ್ದವಳ ಮುಖ ಕಾಣಲಿಲ್ಲ. ಬಾಟ್ಲಮ್ಮನ ಕೈಯಿಂದ ತಟ್ಟೆ ಜಾರಿ ಒಡೆಯಿತು. ಆರು ವರ್ಷದಲ್ಲಿ ಅವಳು ಒಡೆದ ಮೊದಲ ತಟ್ಟೆ.

"ಮೇಡಂ, ಎಂಟು ವರ್ಷದ ಮಗು ಮೈಯಲ್ಲೂ ಆ ಕುರ್ಚಿ ಇರತ್ತಾ?"

ಹುಡುಗಿ ಬಕೆಟ್ಟಿನಿಂದ ಎದ್ದಳು. ಬಾಟ್ಲಮ್ಮ ಗುಬ್ಬಿಯ ವಿಷಯ ಹೇಳಿದಳು. ಹೇನು ಹೋಗಲೆಂದು ಅದೇ ಪುಡಿಯನ್ನು ಮಗಳ ತಲೆಗೆ ತಿಂಗಳು ತಿಂಗಳೂ ಹಾಕಿ ಬಟ್ಟೆ ಕಟ್ಟುತ್ತಿದ್ದೆ ಎಂದೂ ಹೇಳಿದಳು. ಹುಡುಗಿಯ ಕುಣಿತ ನಿಂತಿತ್ತು. ಇದರಿಂದಲೇ ಎಂದು ಹೇಳೋಕಾಗಲ್ಲ, ಇರಬಹುದು ಅಷ್ಟೆ ಎಂದಳು. ಸಾಹೇಬರನ್ನು ಕೇಳಿ ನೋಡಿ, ಮಗುವಿನ ರಕ್ತದಲ್ಲಿ ಪುಡಿ ಎಷ್ಟಿದೆ ಎಂದು ಇಲ್ಲೇ ನೋಡಬಹುದು, ನಾವು ಬರೆದುಕೊಟ್ಟರೆ ದೊಡ್ಡಾಸ್ಪತ್ರೆಯವರು ಇಂಜೆಕ್ಷನ್ನಿಗೆ ಹೀಗೆ ಸಾಗಹಾಕುವುದಿಲ್ಲ ಎಂದಳು. ನೀವೂ ಜೊತೆಗೆ ಬನ್ನಿ ಮೇಡಂ ಎಂದರೆ, ಕನ್ನಡಕ ಒರೆಸಿಕೊಳ್ಳತೊಡಗಿದಳು. ಅವಳ ಪದವಿ ಸಾಹೇಬರ ಸಹಿಯಲ್ಲಿತ್ತು.

ಬಾಟ್ಲಮ್ಮ ಒಬ್ಬಳೇ ಹೋದಳು. ಸಾಹೇಬರ ಮೇಜಿನ ಮೇಲೆ ಅವಳ ಒರೆಸುವ ಬಟ್ಟೆ ಒಂದು ಚೊಕ್ಕ ಪ್ಲಾಸ್ಟಿಕ್ ಚೀಲದಲ್ಲಿತ್ತು. ಅದಕ್ಕೆ ಚೀಟಿ ಅಂಟಿಸಿದ್ದರು. ಶೀತಲ ಕಪಾಟಿನಲ್ಲಿ ಅದಕ್ಕೊಂದು ಜಾಗ ಮಾಡಿಸಿದ್ದೇವೆ, ಒಳ್ಳೆಯ ಮಾದರಿ ಸಿಕ್ಕಿತು ಎಂದು ಅವರು ಖುಷಿಯಾಗಿದ್ದರು. ಅವಳು ಮಗಳ ವಿಷಯ ಎತ್ತಿದಾಗ ಖುಷಿ ಇಳಿಯಿತು.

"ನಾವು ಪರೀಕ್ಷೆ ಮಾಡೋದು ಜೀವಕೋಶಾನ. ಮನುಷ್ಯರನ್ನಲ್ಲ. ಆಸ್ಪತ್ರೆಗೆ ಹೋಗು."

"ಆಸ್ಪತ್ರೇಲಿ ವಂಶದ್ದು ಅಂದ್ರು ಸಾರ್. ನೀವು ಒಂದು ಸಲ ನೋಡಿ ಬರ್ಕೊಟ್ರೆ ಸಾಕು."

"ಟ್ರಂಕಿಗೆ ಪುಡಿ ಹಾಕಿದ್ದು ಯಾರು?"

"ನಾವೇ."

"ಮಗು ತಲೆಗೆ?"

"ನಾನೇ."

"ಮತ್ತೆ ನನ್ನನ್ನೇನು ಕೇಳ್ತೀಯಾ?"

ಬಿಸಿ ಪೆಟ್ಟಿಗೆ ಕೆಟ್ಟದ್ದು, ಬಟ್ಟೆ ಮನೆಯಿಂದ ತಾ ಎಂದದ್ದು ಯಾವುದೂ ಆ ಹೊತ್ತಿಗೆ ನಾಲಿಗೆಗೆ ಬರಲಿಲ್ಲ. ಸಾಹೇಬರ ಹಿಂದೆ ಗೋಡೆಗೆ ಒಂದು ಹಿತ್ತಾಳೆ ಫಲಕ ಹೊಡೆದಿದ್ದರು. ಕತ್ತಲ ಕೋಣೆಯ ಹೊಸ ಮೈಕ್ರೋಸ್ಕೋಪನ್ನು ದಾನ ಕೊಟ್ಟ ಕಂಪನಿಯ ಹೆಸರು ಅದರಲ್ಲಿತ್ತು. ಗೋಡೌನಿನ ಗೇಟಿನ ಮೇಲೂ ಅದೇ ಹೆಸರು ಇತ್ತು. ಓದಲು ಅವಳಿಗೆ ಬರುತ್ತಿತ್ತು. ಸಾಹೇಬರು ನಾಳೆಯಿಂದ ಬರಬೇಡ ಎಂದು ಹೇಳಿ ಕೈ ತೊಳೆದುಕೊಂಡರು. ಬಟ್ಟೆಗೆ ಕಪಾಟು, ಅವಳಿಗೆ ಗೇಟು.

ಮನೆಗೆ ಹೋಗಿ ಟ್ರಂಕು ತೆಗೆದಳು. ಹೊದಿಕೆ ಎತ್ತಿದಾಗ ಮಡಿಕೆಯಿಂದ ಬಿಳಿ ಪುಡಿ ನೆಲಕ್ಕೆ ಸುರಿಯಿತು. ಅದೇ ವಾಸನೆ, ಹುಟ್ಟಿದಾಗಿನಿಂದ ಗುಬ್ಬಿಯ ತಲೆಯಲ್ಲಿ, ದಿಂಬಿನಲ್ಲಿ, ಗೋಡೆಯಲ್ಲಿ ಇದ್ದ ವಾಸನೆ. ಇಷ್ಟು ದಿನ ಅದು ಚೊಕ್ಕಟದ ವಾಸನೆ ಎಂದುಕೊಂಡಿದ್ದಳು. ಅತ್ತೆಗೆ ಎಲ್ಲ ಹೇಳಿದಳು. ಕೊನೆಗೆ, ನಾನೇ ನನ್ನ ಕೈಯಾರೆ ಮಗುವಿಗೆ ವಿಷ ಹಾಕಿದೆ ಎಂದು ತಲೆ ಚಚ್ಚಿಕೊಂಡಳು.

ಸೊಸೆಯ ತಪ್ಪು ಹುಡುಕುವುದರಲ್ಲಿ ಅತ್ತೆಯನ್ನು ಮೀರಿಸುವವರು ಆ ಸಾಲಿನಲ್ಲಿ ಇರಲಿಲ್ಲ. ಈಗ ಕೈಗೆ ಸಿಕ್ಕ ತಪ್ಪನ್ನು ಆಕೆ ಎತ್ತಿಕೊಳ್ಳಲಿಲ್ಲ.

"ನೀನಲ್ಲ ಕಣೆ. ನಿನಗೆ ಹಾಕೋದು ಹೇಳಿಕೊಟ್ಟೋಳು ನಾನು. ನನಗೆ ಹೇಳಿಕೊಟ್ಟೋನು ಗೋಡೌನಿನ ಮ್ಯಾನೇಜರು. ಇನ್ನು ಇದನ್ನ ಹೊಲಕ್ಕೆ ಮಾರೋ ಹಂಗಿಲ್ಲ ಅಂತ ಆಯ್ತಂತೆ. ಒಳಗೆ ರಾಶಿ ಮೂಟೆ. ಮನೆ ಮನೆಗೆ ಡಬ್ಬಿ ತುಂಬಿ ಹಂಚಿದ, ನಗ್ತಾ ನಗ್ತಾ. ತಿಗಣೆಗೆ ಹಾಕಿ, ಹೇನಿಗೆ ಹಾಕಿ, ಸೊಳ್ಳೆಗೆ ಗೋಡೆಗೆ ಬಳೀರಿ, ಪುಕ್ಕಟೆ ಅಂದ. ಹೊಲಕ್ಕೆ ಯಾಕೆ ಬೇಡ ಅಂದ್ರು ಅಂತ ಹೇಳಲಿಲ್ಲ. ಪುಕ್ಕಟೆ ಅಂತ ಮಾತ್ರ ಹೇಳಿದ."

ಹೇಳಿ ಮುಗಿಸಿ ಅತ್ತೆ ಎದ್ದಳು. ಗುಬ್ಬಿಯ ಹತ್ತಿರ ಹೋಗಿ, ಆ ಮಗುವಿನ ಕಾಲ ಬುಡದಲ್ಲಿ ಕೂತು, ನಿನ್ನದೇನೂ ತಪ್ಪಿಲ್ಲ ಮಗಳೇ ಎಂದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದಳು.

ಆ ಸಂಜೆ ಸಾಲುಮನೆಯಲ್ಲಿ ಅಷ್ಟು ವರ್ಷ ಮುಚ್ಚಿಟ್ಟದ್ದೆಲ್ಲ ಹೊರಗೆ ಬಂತು. ಹೊಲಿಗೆಯವಳ ಎರಡನೇ ಮಗಳಿಗೂ ಒಂಬತ್ತು ತುಂಬುವ ಮೊದಲೇ ಹಾಗಾಗಿತ್ತು. ಅಜ್ಜಿ ಮನೆಯಲ್ಲಿದ್ದಾಳೆ ಎಂದು ಹೇಳಿ ಒಳಗೇ ಕೂಡಿಹಾಕಿದ್ದಳು. ಮೂಲೆಮನೆಯವಳ ಬಸಿರು ನಿಲ್ಲುತ್ತಿರಲಿಲ್ಲ. ಬಂಜೆ ಎಂದು ಅವಳನ್ನು ಹಂಗಿಸಿದ್ದ ಬಾಯಿಗಳೂ ಅಲ್ಲೇ ಇದ್ದವು. ಒಬ್ಬಳ ಮಗನಿಗೆ ಹುಟ್ಟುತ್ತಲೇ ವೃಷಣ ಕೆಳಗಿಳಿದಿರಲಿಲ್ಲ, ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಪ್ರತಿ ಮನೆಯಲ್ಲೂ ಒಂದೊಂದು ನಾಚಿಕೆ, ಅದರ ಪಕ್ಕದಲ್ಲೇ ಒಂದೊಂದು ಟ್ರಂಕು. ಯಾವುದು ಯಾವುದರಿಂದ ಆಯಿತು ಎಂದು ಅವರಿಗೇನು ಗೊತ್ತು? ಗೊತ್ತು ಮಾಡಿಕೊಳ್ಳಬೇಕಾದವರು ಗೊತ್ತು ಮಾಡಿಕೊಳ್ಳಲು ಒಪ್ಪುತ್ತಿಲ್ಲ ಎಂಬುದು ಮಾತ್ರ ಎಲ್ಲರಿಗೂ ತಿಳಿಯಿತು.

ಮರುದಿನ ಮಧ್ಯಾಹ್ನ ಮೇಸ್ತ್ರಿಯೂ ಕನ್ನಡಕದ ಹುಡುಗಿಯೂ ಬಂದರು. ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಮೇಸ್ತ್ರಿಯ ಕಂಕುಳಲ್ಲಿ ಹೊಳೆಯುವ ಪ್ಲಾಸ್ಟಿಕ್ಕಿನೊಳಗೆ ಒಂದು ಹೊಸ ಹೊದಿಕೆ. ಸಾಹೇಬರಿಗೆ ಹಳೆಯ ಹೊದಿಕೆಯ ಉಳಿದ ಭಾಗ ಬೇಕಂತೆ, ಜೊತೆಗೆ ಟ್ರಂಕಿನ ಪುಡಿಯೂ ಬೇಕಂತೆ. ಬದಲಿಗೆ ಇದನ್ನು ಇಟ್ಟುಕೋ, ನಿನ್ನ ಅದೃಷ್ಟ ಎಂದ. ಹುಡುಗಿ ನೆಲ ನೋಡುತ್ತಿದ್ದಳು. ನೆಲದಿಂದ ಕಣ್ಣೆತ್ತಿದಾಗ ಬಾಗಿಲ ಹಿಂದೆ ಮಂಡಿಗೆ ಗಲ್ಲ ಆನಿಸಿ ಕೂತ ಗುಬ್ಬಿ ಕಂಡಳು. ಆಮೇಲೆ ಅವಳು ನೆಲ ನೋಡಲಿಲ್ಲ, ಮುಖಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು.

ಬಾಟ್ಲಮ್ಮ ಹೋಗಿ ಟ್ರಂಕಿನ ಮೇಲೆ ಕೂತಳು.

"ಈ ಹೊದಿಕೆ ಜೊತೆ ಇದರಲ್ಲಿ ಮಲಗಿದ ಮಗೂನೂ ಬರತ್ತೆ. ಎರಡೂ ತಗೊಳ್ಳಿ. ಇಲ್ಲಾ ಎರಡೂ ಬಿಡಿ."

ಮೇಸ್ತ್ರಿ ನಕ್ಕ. ಹಳೇ ಚಿಂದಿಗೆ ಇಷ್ಟು ಜಂಬವೇ ಎಂದ. ಮೊನ್ನೆಯವರೆಗೆ ಚಿಂದಿ, ನಿನ್ನೆಯಿಂದ ಮಾದರಿ, ಇವತ್ತು ಕೊಡಲ್ಲ ಅಂದ ಕೂಡಲೇ ಮತ್ತೆ ಚಿಂದಿಯಾಯಿತೇನೋ ಎಂದು ಅತ್ತೆ ಅವನ ಮುಖಕ್ಕೆ ಹೊಡೆದ ಹಾಗೆ ಕೇಳಿದಳು. ಹೊಸ ಹೊದಿಕೆಯನ್ನು ಅವನ ಕಂಕುಳಿಗೇ ತುರುಕಿ ಕಳಿಸಿದಳು.

ಅದರ ಮರುದಿನ ಬಾಟ್ಲಮ್ಮ ಕೆಲಸದ ಹೊತ್ತಿಗೇ ಪ್ರಯೋಗಾಲಯಕ್ಕೆ ಹೋದಳು. ಆಸಿಡ್ಡಿನ ಕ್ಯಾನು ಇಳಿಸುವ ಹಿಂಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ಅಲ್ಲಿಂದ ಒಳಬಂದಳು. ತೊಳೆಯುವ ಕೋಣೆಯಲ್ಲಿ ಎರಡು ದಿನದ ಗಾಜು ಗುಡ್ಡೆ ಬಿದ್ದಿತ್ತು. ಅವಳು ಅದರ ಕಡೆ ನೋಡಲಿಲ್ಲ. ಹಳದಿ ಗೆರೆಯ ಮೇಲೆ ಕಾಲಿಟ್ಟು, ದಾಟಿ, ಶುದ್ಧ ಕೋಣೆಯ ಬಾಗಿಲನ್ನು ಪೂರ್ತಿ ತೆರೆದು, ಅದು ಮುಚ್ಚದಂತೆ ಪಾದ ಕೊಟ್ಟು ನಿಂತಳು. ಚೀಲದಿಂದ ಹೊದಿಕೆ ತೆಗೆದು ಎರಡು ತುದಿ ಹಿಡಿದಳು. ಕೆಳಗಿನ ಅಂಚಿನಿಂದ ಚಿಟಿಕೆಯಷ್ಟು ಪುಡಿ ಹೊಸ್ತಿಲ ಮೇಲೆ ಉದುರಿತು.

ಒಳಗಿದ್ದವರೆಲ್ಲ ಎದ್ದು ನಿಂತರು. ಎಲ್ಲೆಲ್ಲೂ ದೊಡ್ಡಕ್ಕನ ತಟ್ಟೆಗಳು. ವರ್ಷಗಟ್ಟಲೆಯ ಕೆಲಸ, ಪದವಿಗಳು, ದಾನ ಕೊಟ್ಟವರಿಗೆ ಕೊಡಬೇಕಾದ ವರದಿ, ಎಲ್ಲವೂ ಆ ಕೋಣೆಯ ಗಾಳಿಯಲ್ಲಿತ್ತು. ಹೊದಿಕೆಯನ್ನು ಒಂದು ಸಲ ಕೊಡವಿದರೆ ಸಾಕು. ಮೇಸ್ತ್ರಿ ಹಲ್ಲು ಕಡಿಯುತ್ತ ಅವಳ ಮೇಲೆ ನುಗ್ಗಿದ. ಸಾಹೇಬರು ಕಿರುಚಿದರು.

"ಅವಳನ್ನ ಮುಟ್ಟಬೇಡಿ!"

ಬಾಟ್ಲಮ್ಮನಿಗೆ ನಗು ಬಂತು. ತನ್ನ ಅಜ್ಜಿ, ತಾಯಿ, ತಾನು ಹುಟ್ಟಿದಂದಿನಿಂದ ಕೇಳುತ್ತ ಬಂದ ಮಾತು. ಇವತ್ತು ಮೊದಲ ಸಲ ಅದು ಅವಳ ಕಡೆ ನಿಂತು ಕೂಗಿತು. ಮೇಸ್ತ್ರಿ ಕೈ ಚಾಚಿದವನು ಹಾಗೇ ನಿಂತುಬಿಟ್ಟ.

ಸಾಹೇಬರ ದನಿ ಇಳಿಯಿತು. ಕೆಲಸ ಬೇಕಾ, ಇವತ್ತೇ ಸೇರಿಕೋ ಎಂದರು. ಕೆಲಸ ಕೇಳೋಕೆ ಬಂದಿಲ್ಲ ಎಂದಳು. ಹೊದಿಕೆ ಕೆಳಗಿಡು, ಕೂತು ಮಾತಾಡೋಣ ಎಂದರು. ಕೂತು ಮಾತಾಡೋಕೆ ಆರು ವರ್ಷ ಇತ್ತು ಸಾರ್, ಈಗ ನಿಂತೇ ಮಾತಾಡೋಣ ಎಂದಳು. ಕೊಡವಿಬಿಡಲೇ ಎಂದು ಮೈಯೆಲ್ಲ ಕೇಳುತ್ತಿತ್ತು. ಒಂದೇ ಒಂದು ಅಡ್ಡಿ, ದೊಡ್ಡಕ್ಕ. ಅವಳೂ ಯಾರದೋ ಮನೆಯ ಹೆಣ್ಣು. ಅವಳನ್ನೂ ಕೇಳದೆ ತಂದು ತಟ್ಟೆಯಲ್ಲಿ ಇಟ್ಟವರು ಇವರೇ ಅಥವಾ ಇವರಂಥವರೇ.

"ನನ್ನ ಮಗಳ ರಕ್ತ ತೆಗೆದು ನೋಡಿ. ಏನಿದೆಯೋ ಅದನ್ನ ಬರ್ಕೊಡಿ. ಅವಳು ತಪ್ಪು ಮಾಡಿಲ್ಲ ಅಂತ ಯಾರಾದ್ರೂ ಹೇಳ್ಬೇಕು. ಸತ್ತೋಳ ಜೀವಕೋಶಕ್ಕೆ ಇಷ್ಟು ಜನ ಕಾವಲು ಕೂತಿದೀರಾ. ನನ್ನ ಮಗಳು ಬದುಕಿದಾಳೆ ಸಾರ್. ಅವಳಲ್ಲೂ ಅದೇ ಜೀವಕೋಶ ಇರೋದು."

ಸಾಹೇಬರಿಗೆ ಕೊನೆಗೆ ಒಂದು ಒಳ್ಳೆಯ ಕಾರಣ ಸಿಕ್ಕಿತು. ತಾಳ್ಮೆಯಿಂದ, ತಿಳಿಹೇಳುವ ದನಿಯಲ್ಲಿ ಹೇಳಿದರು.

"ನೋಡಮ್ಮ, ಒಂದು ಮಗು ಪರೀಕ್ಷೆ ಮಾಡಿದ್ರೆ ಏನೂ ಸಾಬೀತಾಗಲ್ಲ. ಅದು ಕಾಕತಾಳೀಯ ಅಂತಾರೆ. ವಿಜ್ಞಾನ ಹಂಗೆ ನಡೆಯಲ್ಲ. ಹತ್ತಾರು ಮಕ್ಕಳಾದ್ರೂ ಬೇಕು. ಎಲ್ಲಿಂದ ತರೋದು?"

"ಹತ್ತಾರು ಸಾಕಾ ಸಾರ್?"

ಅವಳು ಬಾಗಿಲಿನಿಂದ ಪಾದ ತೆಗೆಯದೆ ಪಕ್ಕಕ್ಕೆ ಸರಿದಳು. ಹಿಂಬಾಗಿಲಿನಿಂದ ತೊಳೆಯುವ ಕೋಣೆಯವರೆಗೂ ಸಾಲುಮನೆಯವರು ತುಂಬಿದ್ದರು. ಹೊಲಿಗೆಯವಳು, ಅವಳು ಕೂಡಿಹಾಕಿದ್ದ ಮಗಳು. ಮೂಲೆಮನೆಯವಳು. ಮಗನನ್ನು ಸೊಂಟಕ್ಕೆ ಏರಿಸಿಕೊಂಡವಳು. ಮೆಟ್ಟಿಲ ಮೇಲೆ, ಅದರಾಚೆ ಅಂಗಳದಲ್ಲಿ, ಕೈ ಕೈ ಹಿಡಿದ ಮಕ್ಕಳು. ಎಲ್ಲರ ಮುಂದೆ ಗುಬ್ಬಿಯ ಕೈ ಹಿಡಿದು ಅತ್ತೆ. ಪ್ರತಿಯೊಬ್ಬ ತಾಯಿಯ ಕಂಕುಳಲ್ಲೂ ಟ್ರಂಕಿನಿಂದ ತೆಗೆದ ಒಂದೊಂದು ಬಟ್ಟೆಯ ಗಂಟಿತ್ತು.

ಗಾಜಿನ ಗೋಡೆಯಾಚೆ ಸಾಹೇಬರ ಕುರ್ಚಿ ಖಾಲಿ ಇತ್ತು. ಕನ್ನಡಕದ ಹುಡುಗಿ ಅವರ ಮುಖ ನೋಡಿದಳು, ಅಪ್ಪಣೆಗೆ ಕಾದಳು, ಅದು ಬರಲಿಲ್ಲ. ಅವಳು ಕಪಾಟು ತೆಗೆದು ಸೂಜಿ, ಕೊಳವೆ, ಹತ್ತಿ ಎತ್ತಿಕೊಂಡು ಹೊರಗೆ ಬಂದಳು. ಯಾವಾಗಲೂ ತಾನು ಕೂರುವ ಎತ್ತರದ ಸ್ಟೂಲನ್ನು ಎಳೆದು ತಂದು ಹಳದಿ ಗೆರೆಯ ಮೇಲೆಯೇ ಇಟ್ಟಳು.

ಗುಬ್ಬಿಯನ್ನು ಅತ್ತೆ ಎತ್ತಿ ಕೂರಿಸಿದಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಸೂಜಿ ಚುಚ್ಚುವಾಗ ಅವಳು ಅಳಲಿಲ್ಲ, ಇದು ನೋವಾಗತ್ತಾ, ಎಷ್ಟು ತೆಗೀತೀರಾ, ಆ ಅಣ್ಣ ಯಾಕೆ ಹಂಗೆ ನಿಂತಿದಾನೆ ಎಂದು ಮೇಸ್ತ್ರಿಯನ್ನು ತೋರಿಸಿ ಒಂದೇ ಸಮನೆ ಕೇಳತೊಡಗಿದಳು. ನಾಲ್ಕು ತಿಂಗಳ ಮೇಲೆ ಬಾಟ್ಲಮ್ಮ ಆ ಕಿಚಕಿಚ ಕೇಳಿದಳು. ಕಣ್ಣು ತುಂಬಿ ಏನೂ ಕಾಣದಾಯಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಸರದಿ ಸಂಜೆಯವರೆಗೂ ನಡೆಯಿತು. ಸಾಹೇಬರು ಎರಡು ಸಲ ಬಂದು, ಬರೆದುಕೊಡುವುದನ್ನೂ ಒಪ್ಪಿದ್ದೇವಲ್ಲ, ಇನ್ನಾದರೂ ಅದನ್ನು ಮಡಚಿ ಚೀಲಕ್ಕೆ ಹಾಕಮ್ಮ ಎಂದರು. ಕೊನೆಯ ಮಗು ಸ್ಟೂಲಿನಿಂದ ಇಳಿಯುವವರೆಗೂ ಅವಳು ಬಾಗಿಲು ಬಿಟ್ಟು ಕದಲಲಿಲ್ಲ, ಹೊದಿಕೆಯನ್ನು ಮಡಚಲೂ ಇಲ್ಲ.